ಸಕ್ಕರೆಯಿಲ್ಲದ ಚಹಾ, ದಿನಕ್ಕೊಂದು ಮಾತ್ರೆ

ಕನ್ನಡಕದ ಅಂಗಡಿಯ ತಾತನ ಮನೆಯಲ್ಲಿ ಮೂರು ವಾರದಿಂದ ಒಂದು ಸುಳ್ಳು ಉಂಡುಟ್ಟು ಬೆಳೆಯುತ್ತಿತ್ತು. ಮೊಮ್ಮಗಳಿಗೆ ಕಾಮಾಲೆ ಎಂಬ ಸುಳ್ಳು.

"ಹುಡುಗಿಗೆ ಇನ್ನೂ ಹಳದಿ ಇಳೀಲಿಲ್ವಾ?" ಎದುರು ಅಂಗಡಿಯ ಹೊಲಿಗೆಯಾಕೆ ತನ್ನ ಮುರಿದ ಕನ್ನಡಕವನ್ನು ಮೇಜಿನ ಮೇಲಿಡುತ್ತ ಕೇಳಿದಳು.

"ಇಳೀತಾ ಇದೆ" ಎಂದ ತಾತ.

"ನಮ್ಮತ್ತೆಗೆ ಕಾಮಾಲೆ ಆದಾಗ ಕಣ್ಣು ಅರಿಶಿನದ ಹಾಗಿತ್ತು. ನಿಮ್ಮ ಹುಡುಗಿ ಮೊನ್ನೆ ಕಿಟಕೀಲಿ ಕಂಡ್ಳು. ಕಣ್ಣು ಬಿಳೀನೇ ಇತ್ತಲ್ಲ."

"ಈ ಕನ್ನಡಕ ಇಲ್ದೆ ನಿನಗೆ ಸೂಜಿ ಕಣ್ಣೇ ಕಾಣಲ್ಲ. ರಸ್ತೆ ಆಚೆ ಇರೋ ಹುಡುಗಿ ಕಣ್ಣು ಕಂಡುಬಿಡ್ತಾ?"

ಆಕೆ ನಕ್ಕಳು. ತಾತನೂ ನಕ್ಕ. ಆದರೆ ಸ್ಕ್ರೂ ಬಿಗಿಯುತ್ತಿದ್ದ ಅವನ ಬೆರಳು ಜಾರಿತು.

ನಿಜ ಬೇರೆಯೇ ಇತ್ತು. ಮೊಮ್ಮಗಳಿಗೆ ಹದಿನೇಳು ವರ್ಷ. ಮಾತು ಜಾಸ್ತಿ ಎಂದು ಮನೆಯವರೆಲ್ಲ ಅವಳನ್ನು ಗಿಣಿ ಎನ್ನುತ್ತಿದ್ದರು. ಈಚೆಗೆ ಆ ಗಿಣಿ ನಿದ್ದೆಯನ್ನೇ ಬಿಟ್ಟಿದ್ದಳು. ಬೆಳಗಿನಿಂದ ಸಂಜೆಯವರೆಗೆ ನಿಲ್ಲದ ಮಾತು. ತಾತ ಊಟಕ್ಕೆ ಎದ್ದುಹೋದ ಹೊತ್ತಿನಲ್ಲಿ ಅಂಗಡಿಯ ಹೊಸ ಕನ್ನಡಕದ ಚೌಕಟ್ಟುಗಳನ್ನೆಲ್ಲ ಬುಟ್ಟಿಗೆ ತುಂಬಿಕೊಂಡು ಬಸ್ ನಿಲ್ದಾಣಕ್ಕೆ ಹೋಗಿ ಹಂಚಿಬಿಟ್ಟಿದ್ದಳು. ಗಾಜೇ ಇಲ್ಲದ ಚೌಕಟ್ಟುಗಳು. "ಲೋಕಕ್ಕೆಲ್ಲ ಕಣ್ಣು ಕೊಡೋ ಕೆಲಸ ನನಗೆ ಬಂದಿದೆ ತಾತ" ಎಂದಿದ್ದಳು. ಆಮೇಲೆ ಒಂದು ದಿನ ದೀಪ ಆರಿದಂತೆ ಮಾತು ನಿಂತಿತು. ಈಗ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಸ್ನಾನಕ್ಕೂ ಏಳುತ್ತಿರಲಿಲ್ಲ.

ಇಂಥ ಮನೆಯಲ್ಲಿ ಡಾಕ್ಟರು ಇರಲಿಲ್ಲವೇ ಎಂದು ನೀವು ಕೇಳಬಹುದು. ಇದ್ದಳು. ಅದೂ ಅಂಥಿಂಥ ಡಾಕ್ಟರಲ್ಲ. ತಾತನ ಒಡಹುಟ್ಟಿದ ತಂಗಿ ಮಿದುಳಿನ ತಜ್ಞೆ. ಬೆಳಗಿನ ಹೊತ್ತು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಮಿದುಳಿನ ಕಾಯಿಲೆಗಳ ಬೇರನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕುವುದು, ಮಧ್ಯಾಹ್ನದ ಮೇಲೆ ಮನಸ್ಸಿನ ಆರೋಗ್ಯ ಕೆಟ್ಟವರನ್ನು ನೋಡುವುದು, ಇವೆರಡೇ ಅವಳ ಬದುಕು. ಮದುವೆಯಾಗಲಿಲ್ಲ. ಅಂಗಡಿಯ ಮೇಲಿನ ಕೋಣೆಯಲ್ಲಿದ್ದಳು. ಊರಿಗೆಲ್ಲ ಡಾಕ್ಟರಮ್ಮ, ಮನೆಯಲ್ಲಿ ಡಾಕ್ಟರಜ್ಜಿ.

ದಿನಾ ಬೆಳಿಗ್ಗೆ ಅಣ್ಣ ತಂಗಿ ಒಂದೇ ಮೇಜಿನ ಎರಡು ಕಡೆ ಕೂರುತ್ತಿದ್ದರು. ಅವನ ಮುಂದೆ ಸಕ್ಕರೆಯಿಲ್ಲದ ಚಹಾ. ಅವಳ ಮುಂದೆ ಒಂದು ಲೋಟ ನೀರು, ಒಂದು ಬಿಳಿ ಮಾತ್ರೆ. "ರಕ್ತದ ಮಾತ್ರೆ ಅಣ್ಣ" ಎನ್ನುತ್ತಿದ್ದಳು. ಆಗಾಗ ರಕ್ತಪರೀಕ್ಷೆಗೂ ಹೋಗುತ್ತಿದ್ದಳು. ರಕ್ತ ತೆಳ್ಳಗಿರಬೇಕು ಎಂದುಕೊಂಡಿದ್ದ ತಾತ.

ಅವನು ಸಕ್ಕರೆ ಬಿಟ್ಟದ್ದಕ್ಕೆ ಕಾರಣವಿತ್ತು. ತಂಗಿಗೆ ಹದಿನಾರಾಗಿದ್ದಾಗ ಗಿಣಿಗೆ ಬಂದಂಥದ್ದೇ ಬಂದಿತ್ತು. ಅವರಮ್ಮ ಅವಳನ್ನು ಹಿಂದಿನ ಕೋಣೆಯಲ್ಲಿ ಕೂಡಿಹಾಕಿ, ಬೀದಿಗೆಲ್ಲ ವಿಷಮಜ್ವರ ಎಂದು ಹೇಳಿದಳು. ಬಾಗಿಲ ಆಚೆ ಕೂತು ತಾತ, ಅಂದರೆ ಆಗಿನ ಹುಡುಗ, ದೇವರಿಗೆ ಹರಕೆ ಹೊತ್ತ: ಇವಳನ್ನು ಉಳಿಸಿಕೊಡು, ನಾನು ಬದುಕಿರೋವರೆಗೆ ಸಿಹಿ ಮುಟ್ಟಲ್ಲ. ತಂಗಿ ಚೇತರಿಸಿಕೊಂಡಳು. ಓದಿದಳು. ಡಾಕ್ಟರಾದಳು. ತನ್ನ ನಾಲಗೆಯ ಸಿಹಿಗೆ ದೇವರು ಕೊಟ್ಟ ಬೆಲೆ ಅದು ಎಂದು ಅವನು ನಂಬಿದ. ಗಿಣಿಗಾಗಿ ಈಗ ಉಪ್ಪನ್ನೂ ಬಿಟ್ಟಿದ್ದ.

ಆ ದಿನ ಬೆಳಿಗ್ಗೆಯೂ ತಂಗಿ ಕೇಳಿದ್ದಳು. "ಅಣ್ಣ, ಗಿಣೀನ ಆಸ್ಪತ್ರೆಗೆ ಕರ್ಕೊಂಡು ಹೋಗೋಣ. ಮನೆಯವಳು ನಾನೇ ನೋಡೋದು ಸರಿಯಲ್ಲ. ನನ್ನ ಶಿಷ್ಯೆ ನೋಡ್ತಾಳೆ."

"ತಲೆ ಆಸ್ಪತ್ರೆ ಮೆಟ್ಟಿಲು ಹತ್ತಿಸಿದ್ರೆ ಆ ಹುಡುಗೀನ ನಾಳೆ ಯಾರು ಮನುಷ್ಯಳು ಅಂತ ನೋಡ್ತಾರೆ?"

"ನಾನು ದಿನಾ ಹತ್ತುತ್ತೀನಲ್ಲ ಆ ಮೆಟ್ಟಿಲು."

"ನೀನು ಹತ್ತೋದು ಡಾಕ್ಟರಾಗಿ. ನಿನಗೂ ಬಂದಿತ್ತು, ಹೋಯ್ತು. ಇವಳಿಗೂ ಹೋಗುತ್ತೆ. ದೇವರಿಗೆ ನನ್ನ ವಿಳಾಸ ಗೊತ್ತಿದೆ."

ತಂಗಿ ನೀರಿನ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು. "ಸಂಜೆ ಬಂದು ನಿನಗೊಂದು ಮಾತು ಹೇಳಬೇಕು. ಬಹಳ ಹಿಂದೇನೇ ಹೇಳಬೇಕಿತ್ತು" ಎಂದಳು. ಚೀಲ ಹೆಗಲಿಗೇರಿಸಿಕೊಂಡು ಹೊರಟಳು.

ಸಂಜೆ ಅವಳು ಬರಲಿಲ್ಲ. ಮಧ್ಯಾಹ್ನಕ್ಕೆ ಮೊದಲೇ ಫೋನು ಬಂತು. ಹೊಲಿಗೆಯಾಕೆ ದುರಸ್ತಿಯಾದ ಕನ್ನಡಕ ಹಾಕಿಕೊಂಡು ಕನ್ನಡಿ ನೋಡುತ್ತಿದ್ದಳು. ತಾತ ಫೋನು ಕಿವಿಗಿಟ್ಟವನು ಹಾಗೆಯೇ ನಿಂತ. ಆಸ್ಪತ್ರೆಯ ಮೊಗಸಾಲೆಯಲ್ಲಿ ನಡೆದುಹೋಗುತ್ತಿದ್ದಾಗ ಡಾಕ್ಟರಮ್ಮನ ಎದೆಬಡಿತ ನಿಂತುಹೋಯಿತಂತೆ. ಸುತ್ತ ಅಷ್ಟು ಜನ ವೈದ್ಯರಿದ್ದರೂ ಉಳಿಸಿಕೊಳ್ಳಲಾಗಲಿಲ್ಲವಂತೆ. ಗಿಣಿಯ ಹತ್ತಿರ ಮಗನನ್ನು ಬಿಟ್ಟು, ಸೊಸೆಯನ್ನು ಕರೆದುಕೊಂಡು ತಾತ ಹೊರಟ. ಒಂದು ಕಾಲಿಗೆ ಅಂಗಡಿಯ ಚಪ್ಪಲಿ, ಇನ್ನೊಂದಕ್ಕೆ ಮನೆಯದು.

ಸಣ್ಣ ಕೋಣೆ. ಮಂಚದ ಮೇಲೆ ತಂಗಿ. ಬೆಳಿಗ್ಗೆ ಬಾಚಿದ ತಲೆ ಕೆದರಿಯೂ ಇರಲಿಲ್ಲ. ತಾತನಿಗೆ ಅವಳು ಅವಳಲ್ಲ ಎನ್ನಿಸಿತು. ಏಕೆಂದು ತಿಳಿಯಲು ತುಸು ಹೊತ್ತು ಬೇಕಾಯಿತು.

"ಕನ್ನಡಕ ಎಲ್ಲಿ?" ಎಂದು ಕೇಳಿದ. "ಅದಿಲ್ಲದೆ ಅವಳಿಗೆ ದಾರಿ ಕಾಣಲ್ಲ."

ಪಕ್ಕದಲ್ಲಿದ್ದ ಯುವ ಡಾಕ್ಟರು ತನ್ನ ಕೋಟಿನ ಜೇಬಿನಿಂದ ಅದನ್ನು ತೆಗೆದುಕೊಟ್ಟಳು. ತಂಗಿ ಹೇಳುತ್ತಿದ್ದ ಶಿಷ್ಯೆ ಇವಳೇ. ಗುಬ್ಬಿ ಎಂದು ತಂಗಿ ಕರೆಯುತ್ತಿದ್ದಳು. ಎಷ್ಟೋ ಸಲ ಇವರ ಮನೆಯಲ್ಲಿ ಊಟ ಮಾಡಿದ್ದಾಳೆ. ತಾತ ತನ್ನ ಅಂಗಿಯ ಅಂಚಿನಿಂದ ಗಾಜು ಒರೆಸಿ ತಂಗಿಗೆ ಕನ್ನಡಕ ಹಾಕಿದ. ಆಗ ಸೊಸೆ ಅಳತೊಡಗಿದಳು. ಅವನಿಗೆ ಅಳು ಬರಲಿಲ್ಲ. ಕಲ್ಲಾಗಿದ್ದ.

"ದೊಡ್ಡಪ್ಪ" ಎಂದಳು ಗುಬ್ಬಿ. "ಕೇಳಬಾರದ ಹೊತ್ತಲ್ಲಿ ಒಂದು ಮಾತು ಕೇಳಬೇಕಾಗಿದೆ. ತಡ ಆದಷ್ಟೂ ಉಪಯೋಗ ಕಮ್ಮಿ. ಮೇಡಂ ತಮ್ಮ ಮಿದುಳನ್ನ ನಮ್ಮ ಮಿದುಳು ಸಂಗ್ರಹಕ್ಕೆ ಕೊಡಬೇಕು ಅಂತ ಹೇಳಿಟ್ಟಿದ್ದಾರೆ. ಅವರು ಹೇಳಿದ್ರೂ ಮನೆಯವರು ಒಪ್ಪದೆ ನಾವು ಮುಟ್ಟಲ್ಲ."

ತಾತನಿಗೆ ಮಾತು ಕೇಳಿಸಿತು, ಅರ್ಥ ತಲುಪಲಿಲ್ಲ. ತಲುಪಿದಾಗ ಮಂಚದ ಸರಳು ಹಿಡಿದುಕೊಂಡ.

"ಕಣ್ಣು ಕೇಳು, ಕೊಡ್ತೀನಿ. ಮೂರು ತಲೆಮಾರು ಕಣ್ಣಿನ ಋಣದಲ್ಲಿ ಅನ್ನ ಉಂಡೋರು ನಾವು. ಆದ್ರೆ ಮಿದುಳು ಅಂದ್ರೆ ಅವಳೇ ಅಲ್ವೇನಮ್ಮ? ಅದನ್ನ ಕೊಟ್ಟು ನಾನು ಯಾರನ್ನ ಮನೆಗೆ ಕರ್ಕೊಂಡು ಹೋಗಲಿ?"

ಗುಬ್ಬಿ ಒಂದು ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದಿಟ್ಟಳು.

"ತಲೆ ಒಡೆದ ಹೆಣ ಇಟ್ಟುಕೊಂಡು ಜನರ ಮುಂದೆ ಕೂರಲಾ?" ಎಂದ.

"ಇಲ್ಲ ದೊಡ್ಡಪ್ಪ. ಮುಖಕ್ಕೆ ಏನೂ ಆಗಲ್ಲ. ಹಿಂದೆ ಕೂದಲೊಳಗೆ ಕೊಯ್ದು ಹೊಲೀತಾರೆ. ನೋಡಿದವರಿಗೆ ಗೊತ್ತೂ ಆಗಲ್ಲ. ಇವತ್ತೇ ಮನೆಗೆ ಕಳಿಸ್ತೀವಿ. ನಿಮ್ಮ ಪ್ರಾರ್ಥನೆ, ಕೊನೆಯ ಕಾರ್ಯ ಯಾವುದಕ್ಕೂ ಅಡ್ಡಿ ಆಗಲ್ಲ."

"ಕಾಯಿಲೆಯವರ ಮಿದುಳು ನೋಡ್ತೀರಿ, ಸರಿ. ಇವಳದರಲ್ಲಿ ಏನಿದೆ ನೋಡೋಕೆ? ಗುಂಡುಕಲ್ಲಿನ ಹಾಗಿದ್ಳು."

"ಕಾಯಿಲೆ ಇಲ್ಲದ ಮಿದುಳೂ ಬೇಕಾಗುತ್ತೆ, ಹೋಲಿಸಿ ನೋಡೋಕೆ. ಆದ್ರೆ ಮೇಡಂದು ಹಾಗಲ್ಲವಲ್ಲ. ಆ ಕಾಯಿಲೆ ಜೊತೆ ಇಷ್ಟು ವರ್ಷ ಬದುಕಿ, ಇಷ್ಟು ಕೆಲಸ ಮಾಡಿದವರ ಮಿದುಳು ನಮಗೆ ಇನ್ನೊಂದು ಸಿಗೋದು ಕಷ್ಟ."

"ಯಾವ ಕಾಯಿಲೆ?"

ಗುಬ್ಬಿಯ ಮುಖ ಸುಣ್ಣದಂತಾಯಿತು. ಸೊಸೆಯ ಅಳುವೂ ನಿಂತಿತು.

"ದಿನಾ ಬೆಳಿಗ್ಗೆ ಒಂದೇ ಮೇಜಲ್ಲಿ ಕೂತ್ಕೊಳ್ಳೋರು ನೀವು. ಗೊತ್ತಿದೆ ಅಂದುಕೊಂಡಿದ್ದೆ" ಎಂದಳು ಗುಬ್ಬಿ. "ನಾನು ಹೋದ ಮೇಲೆ ಇದನ್ನ ಯಾರಿಂದಲೂ ಬಚ್ಚಿಡಬೇಡಿ ಅಂತ ಮೇಡಂ ನಮಗೆಲ್ಲ ಹೇಳಿದ್ರು. ಅಣ್ಣನಿಗೆ ಮಾತ್ರ ನಾನೇ ಹೇಳ್ತೀನಿ ಅಂದಿದ್ರು. ಹೇಳಿಯೂ ಆಗಿದೆ ಅಂತ ನಾನು ತಿಳಿದಿದ್ದೆ."

"ಅದು ರಕ್ತದ ಮಾತ್ರೆ" ಎಂದ ತಾತ. ಯಾರೂ ಕೇಳಿರಲಿಲ್ಲ.

"ಅಲ್ಲ ದೊಡ್ಡಪ್ಪ. ಮನಸ್ಸು ವಿಪರೀತ ಏರಿ, ಆಮೇಲೆ ವಿಪರೀತ ಇಳಿಯೋ ಕಾಯಿಲೆಗೆ ಕೊಡೋ ಮಾತ್ರೆ. ಅದು ಮೈಯಲ್ಲಿ ಎಷ್ಟಿದೆ ಅಂತ ನೋಡೋಕೆ ರಕ್ತಪರೀಕ್ಷೆ ಬೇಕು. ಓದೋಕೆ ಅಂತ ಊರು ಬಿಟ್ಟು ಹೋದಾಗ ಎರಡನೇ ಸಲ ಬಂತಂತೆ. ಆಗಿನಿಂದ ತಗೊಳ್ತಿದ್ರು."

ನಲವತ್ತು ವರ್ಷದ ಚಹಾ ಒಂದೇ ಸಲ ತಾತನ ಗಂಟಲಿಗೆ ಕಹಿಯಾಗಿ ಬಂತು. ಅವನು ಕುರ್ಚಿಯ ಮೇಲೆ ಕುಸಿದ. ತಂಗಿ ಸತ್ತದ್ದಕ್ಕಿಂತ ಈ ಮಾತು ಹೆಚ್ಚು ಬೆಚ್ಚಿಸಿತು ಎಂದರೆ ನೀವು ತಪ್ಪು ತಿಳಿಯಬಾರದು. ಸಾವು ಎಲ್ಲರ ಮನೆಗೂ ಬರುತ್ತದೆ. ದಿನಾ ಎದುರಿಗೆ ಕೂತವಳು ಯಾರೆಂದು ಗೊತ್ತಿರಲಿಲ್ಲ ಎನ್ನುವುದು ಬೇರೆ ಬಗೆಯ ಪೆಟ್ಟು.

"ಹಾಗಾದ್ರೆ ನಾನು ಸಿಹಿ ಬಿಟ್ಟಿದ್ದು ಏತಕ್ಕೆ? ದೇವರು ಕೇಳಲೇ ಇಲ್ವಾ?" ಎಂದ. ದನಿ ಸಣ್ಣ ಹುಡುಗನದಾಗಿತ್ತು.

ಗುಬ್ಬಿ ಅವನ ಮುಂದೆ ನೆಲದ ಮೇಲೆಯೇ ಕೂತಳು.

"ಮೇಡಂ ಏನು ಹೇಳ್ತಿದ್ರು ಗೊತ್ತಾ? ಎಷ್ಟೋ ದಿನ ಬೆಳಿಗ್ಗೆ ಮಾತ್ರೆ ಸಾಕು ಅನ್ನಿಸುತ್ತೆ ಗುಬ್ಬಿ, ಚೆನ್ನಾಗೇ ಇದ್ದೀನಲ್ಲ, ಇವತ್ತೊಂದು ದಿನ ಬಿಡೋಣ ಅನ್ನಿಸುತ್ತೆ. ಆಗ ಎದುರಿಗೆ ನಮ್ಮಣ್ಣನ ಲೋಟ ನೋಡ್ತೀನಿ. ಅವನು ಒಂದು ದಿನಾನೂ ಬಿಟ್ಟಿಲ್ಲ, ನಾನು ಹೇಗೆ ಬಿಡಲಿ ಅಂತ ನುಂಗಿಬಿಡ್ತೀನಿ. ಹಾಗನ್ನೋರು. ದೇವರು ನಿಮ್ಮ ಮಾತು ಕೇಳಲಿಲ್ಲ ಅಂತ ನಾನಂತೂ ಹೇಳಲ್ಲ ದೊಡ್ಡಪ್ಪ. ಕೇಳಿದ, ಉತ್ತರಾನ ಮಾತ್ರೆ ಕೈಲಿ ಕಳಿಸಿದ. ನಿಮ್ಮ ಹರಕೆ ಮುರಿದ ಹಾಗಾಗುತ್ತೆ ಅಂತ ಅದೊಂದನ್ನ ನಿಮಗೆ ಹೇಳೋಕೆ ಹೆದರ್ತಿದ್ರು. ಊರಿಗೆಲ್ಲ ಧೈರ್ಯ ಹೇಳೋರು, ಮನೇಲಿ ಹೆದರ್ತಿದ್ರು."

"ಮನಸ್ಸಿಗೆ ಬಂದಿದ್ದಕ್ಕೆ ಮಿದುಳಲ್ಲಿ ಏನು ಹುಡುಕೋದು?"

"ಮನಸ್ಸು ಎಲ್ಲಿಂದ ನಡೆಯುತ್ತೆ ಮತ್ತೆ? ಮಿದುಳಲ್ಲಿ ನರಕ್ಕೂ ನರಕ್ಕೂ ಸದಾ ಮಾತುಕತೆ ಇರುತ್ತೆ. ಅದು ಎಲ್ಲೋ ಹದ ತಪ್ಪಿದ್ರೆ ನಿದ್ದೆ, ಮಾತು, ಆಸೆ ಎಲ್ಲ ಹದ ತಪ್ಪುತ್ತೆ. ಎಲ್ಲಿ ತಪ್ಪುತ್ತೆ, ಯಾಕೆ ತಪ್ಪುತ್ತೆ ಅನ್ನೋದು ನಮಗಿನ್ನೂ ಪೂರ್ತಿ ಗೊತ್ತಿಲ್ಲ. ಬದುಕಿರೋರ ತಲೆ ತೆರೆದು ನೋಡೋ ಹಾಗಿಲ್ಲ. ಹೋದವರು ಕೊಟ್ಟರೆ ಮಾತ್ರ ನೋಡಬಹುದು. ಇದು ಪಾಪದಿಂದ ಬಂದಿದ್ದಲ್ಲ, ಸಾಕಿದ ತಪ್ಪಿಂದಾನೂ ಅಲ್ಲ. ಕೆಲವು ಮನೆತನದಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಬರೋದುಂಟು. ಎಲ್ಲರಿಗೂ ಬಂದೇ ಬರುತ್ತೆ ಅಂತೇನಿಲ್ಲ."

ಮನೆತನ ಎಂಬ ಮಾತಿಗೆ ಸೊಸೆ ತಲೆಯೆತ್ತಿದಳು.

"ಮಾವ, ನಾನೊಂದು ಹೇಳಬೇಕು" ಎಂದಳು. "ಗಿಣಿ ಮೊನ್ನೆ ನನ್ನ ಹತ್ರ, 'ನಾನು ಇಲ್ಲದೆ ಹೋದ್ರೆ ನೀವೆಲ್ಲ ಹಾಯಾಗಿರ್ತೀರಿ' ಅಂದ್ಳು. ನಿಮಗೆ ಹೇಳೋಕೆ ಧೈರ್ಯ ಬರಲಿಲ್ಲ. ಡಾಕ್ಟರತ್ತೆಗೆ ಇವತ್ತು ಸಂಜೆ ಹೇಳೋಣ ಅಂತಿದ್ದೆ."

ಒಂದೇ ಮಧ್ಯಾಹ್ನ ಮೂರನೆಯ ಏಟು. ತಂಗಿಯ ಸಂಜೆಯ ಮಾತು, ಸೊಸೆಯ ಸಂಜೆಯ ಮಾತು. ಎಲ್ಲರೂ ಸಂಜೆಗೆಂದು ಎತ್ತಿಟ್ಟಿದ್ದರು. ಸಂಜೆ ಬಾರದೆಯೂ ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

"ಅವಳನ್ನ ನಾಳೆ ಅಲ್ಲ, ಈಗ ನೋಡಬೇಕು" ಎಂದಳು ಗುಬ್ಬಿ, ಎದ್ದು ನಿಂತು. "ಆ ಮಾತು ಬಾಯಿಗೆ ಬಂದ ಮೇಲೆ ಒಬ್ಬಳನ್ನೇ ಬಿಡಬಾರದು. ಈಗ ಜೊತೆಗೆ ಯಾರಿದ್ದಾರೆ?"

"ಅವರಪ್ಪ ಇದ್ದಾನೆ" ಎಂದ ತಾತ. "ಆದ್ರೆ ಇವಳ ದೇಹ ಇಲ್ಲಿರೋವಾಗ, ಜನ ಸೇರೋ ಹೊತ್ತಲ್ಲಿ..." ಎಂದು ತಂಗಿಯ ಕಡೆ ನೋಡಿದ. ಕನ್ನಡಕದೊಳಗಿಂದ ಅವಳ ಮುಚ್ಚಿದ ಕಣ್ಣು ತನ್ನನ್ನೇ ಕಾಯುತ್ತಿದೆ ಎನ್ನಿಸಿತು. ಬೆಳಿಗ್ಗೆಯೂ ಇದನ್ನೇ ಕೇಳಿದ್ದಳು.

"ಒಂದು ಸಲ ಮಾತ್ರೆ ಶುರುವಾದ್ರೆ ಬಿಡೋ ಹಾಗಿಲ್ಲ ಅಂತಾರಲ್ಲ?" ಎಂದ. ಅದು ಅವನ ಕೊನೆಯ ಅನುಮಾನ.

"ಎಷ್ಟು ದಿನ ಅನ್ನೋದು ಪರೀಕ್ಷೆ ಮಾಡಿ ನೋಡಿದ ಮೇಲೆ ತಿಳಿಯುತ್ತೆ. ಆದ್ರೆ ಹೀಗೆ ಕೇಳೋರಿಗೆಲ್ಲ ಮೇಡಂ ಒಂದು ಮಾತು ಹೇಳ್ತಿದ್ರು: ಕನ್ನಡಕ ಹಾಕ್ಕೊಂಡ ಮೇಲೆ ಚೆನ್ನಾಗಿ ಕಾಣ್ತಿದೆ ಅಂತ ಕನ್ನಡಕಾನ ಚರಂಡಿಗೆ ಎಸೀತಾರೇನ್ರೀ?"

ತಾತ ಬೆಚ್ಚಿಬಿದ್ದ. ಅದು ಅವನದೇ ಮಾತು. ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಳಿ ಹೇಳಿ ಸವೆದ ತಮಾಷೆ. ಮಹಡಿಯ ಮೆಟ್ಟಿಲ ಮೇಲೆ ನಿಂತು ತಂಗಿ ಅದನ್ನು ಕೇಳಿಸಿಕೊಂಡು, ಕದ್ದೊಯ್ದು, ತನ್ನ ರೋಗಿಗಳಿಗೆ ಹಂಚಿದ್ದಳು. ಹಂಚಿದ್ದು ಇಂದು ತಿರುಗಿ ಅವನ ಮನೆ ಬಾಗಿಲಿಗೇ ಬಂತು. ಆಗ ಅವನಿಗೆ ಅಳು ಬಂತು.

ಕಣ್ಣೊರೆಸಿಕೊಂಡು ಸೊಸೆಗೆ ಹೇಳಿದ: "ನೀನು ಹೋಗು. ಗಂಡನ್ನ ಕರ್ಕೊಂಡು, ಗಿಣೀನ ಮಧ್ಯ ಕೂರಿಸಿಕೊಂಡು ಇಲ್ಲಿಗೆ ಬಾ. ಯಾರು ಏನು ಕೇಳಿದ್ರೂ ನಿಲ್ಲಬೇಡ. ಸತ್ತವಳನ್ನ ಕಾಯೋಕೆ ಊರೇ ಬರುತ್ತೆ. ಬದುಕಿರೋಳನ್ನ ಕಾಯೋಕೆ ನಾವೇ ಇರೋದು."

ಸೊಸೆ ಸೆರಗು ಬಿಗಿದು ಓಡಿದಳು.

"ಇನ್ನು ಇವಳದು" ಎಂದ ತಾತ ಗುಬ್ಬಿಗೆ. "ಒಪ್ಪೋಕೆ ಮುಂಚೆ ಅವಳು ಎಲ್ಲಿ ಇರ್ತಾಳೆ ಅಂತ ನೋಡಬೇಕು. ಹೆಣ್ಣು ಕೊಡೋ ಮನೇನೂ ನೋಡದೆ ಕೊಡಲ್ಲ ನಾವು."

ಪ್ರಯೋಗಾಲಯ ಅವನು ಎಣಿಸಿದಂತೆ ಇರಲಿಲ್ಲ. ಭಯಂಕರವಾದುದೇನೋ ಕಂಡೀತೆಂದು ಉಸಿರು ಬಿಗಿಹಿಡಿದಿದ್ದ. ತೊಳೆದ ನೆಲ, ಉದ್ದನೆಯ ಮೇಜು, ಗುಂಯ್ಗುಡುವ ಶೀತಲ ಪೆಟ್ಟಿಗೆಗಳು. ಒಳಗೆ ಕಾಲಿಡುವ ಮೊದಲು ಗುಬ್ಬಿ ಚಪ್ಪಲಿ ಕಳಚಿ, ತಲೆ ಬಾಗಿಸಿ, ಒಂದು ಗಳಿಗೆ ಸುಮ್ಮನೆ ನಿಂತಳು.

"ಇದೇನು?" ಎಂದ.

"ಮೇಡಂ ಮಾಡಿದ ರೂಢಿ. ಒಳಗಿರೋರೆಲ್ಲ ಯಾರದೋ ಮನೆಯವರು, ಕೇಳಿಯೇ ಒಳಗೆ ಹೋಗಬೇಕು ಅನ್ನೋರು. ಒಂದು ದಿನ ಅವಸರದಲ್ಲಿ ನಾನು ನಿಲ್ಲದೆ ಹೋದೆ. ವಾಪಸ್ ಕರೆದು ನಿಲ್ಲಿಸಿದ್ರು."

ತಾತನೂ ನಿಂತ. ಕೈ ಮುಗಿದ. ತಾನು ದೇವರ ಮುಂದೆ ನಿಲ್ಲುವ ಹೊತ್ತಿಗೆ ತಂಗಿ ಇಲ್ಲಿ ನಿಲ್ಲುತ್ತಿದ್ದಳು ಎಂದು ಅವನಿಗೆ ಆಗ ತಿಳಿಯಿತು.

ಕಿಟಕಿಯ ಪಕ್ಕ ಒಂದು ಹಳೆಯ ಸೂಕ್ಷ್ಮದರ್ಶಕ ಇತ್ತು. ಅದರ ಗುರುತು ಅವನಿಗೆ ಹತ್ತಿತು. ತಂಗಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಗೀರು ಬಿದ್ದ ಅದರ ಗಾಜನ್ನು ಅವನೇ ಅಂಗಡಿಯಲ್ಲಿ ಕೂತು ಉಜ್ಜಿ ಕೊಟ್ಟಿದ್ದ. ಹೊಸ ಯಂತ್ರಗಳು ಬಂದರೂ ಅವಳು ಇದನ್ನು ಬಿಟ್ಟಿರಲಿಲ್ಲವಂತೆ. ತಾತ ಬಗ್ಗಿ ಕಣ್ಣಿಟ್ಟ. ಬಣ್ಣ ಹಾಕಿದ ತೆಳುವಾದ ಪದರ. ಅದರಲ್ಲಿ ಕವಲು ಕವಲಾಗಿ, ಎಲೆಯುದುರಿದ ಮರದ ಕೊಂಬೆಗಳಂಥ ನರಗಳು.

"ಇದು ಯಾರು?" ಎಂದ. ಏನು ಎಂದು ಕೇಳಲಿಲ್ಲ.

"ಹೆಸರು ಹೊರಗೆ ಹೇಳಲ್ಲ. ಯಾರದೋ ಮನೆಯವರು ಒಪ್ಪಿ ಕೊಟ್ಟಿದ್ದು. ಇಂಥವರಿಂದಲೇ ನಾವು ಕಲಿಯೋದು. ಗಿಣಿಯಂಥವರಿಗೆ ಮುಂದೆ ಇನ್ನೂ ಒಳ್ಳೆ ಮದ್ದು ಸಿಕ್ಕರೆ ಅದರಲ್ಲಿ ಇವರ ಪಾಲೂ ಇರುತ್ತೆ."

ತಾತ ಜೇಬಿನಿಂದ ಗಾಜು ಒರೆಸುವ ಮೆತ್ತನೆಯ ಬಟ್ಟೆ ತೆಗೆದ. ಕಣ್ಣಿಡುವ ಕಡೆ ತನ್ನ ಕಣ್ಣೀರು ತಾಗಿತ್ತು. ಅದನ್ನು ಒರೆಸಿದ. "ಎಲ್ಲಿ ಸಹಿ ಹಾಕಬೇಕಮ್ಮ?" ಎಂದ.

ಸಹಿ ಹಾಕಿ ಹೊರಗೆ ಬಂದಾಗ ಮೆಟ್ಟಿಲ ಬುಡದಲ್ಲಿ ಮಗ, ಸೊಸೆ, ನಡುವೆ ಗಿಣಿ. ಆ ಮೆಟ್ಟಿಲು ಹತ್ತಲು ಅವಳ ಕಾಲು ಬರುತ್ತಿರಲಿಲ್ಲ. ತಾತ ಇಳಿದುಹೋಗಿ ಕೈ ಹಿಡಿದ.

"ಡಾಕ್ಟರಜ್ಜಿ ಹೋದ್ಳಂತೆ" ಎಂದಳು ಗಿಣಿ. ಎಷ್ಟೋ ದಿನದ ಮೇಲೆ ಅವಳು ತಾತನ ಜೊತೆ ಆಡಿದ ಮಾತು.

"ಹೌದು ಮಗಾ. ನಿನಗೆ ಬಂದಿರೋ ಕಾಯಿಲೆಯೇ ಅವಳಿಗೂ ಇತ್ತಂತೆ. ನನಗೆ ಇವತ್ತು ಗೊತ್ತಾಯ್ತು. ಅದನ್ನ ಇಟ್ಟುಕೊಂಡೇ ಅವಳು ದಿನಾ ಈ ಮೆಟ್ಟಿಲು ಹತ್ತಿದ್ಳು. ನೀನೂ ಹತ್ತು. ನಾನಿದ್ದೀನಿ."

ಗಿಣಿ ಅವನ ಮುಖವನ್ನೇ ನೋಡಿದಳು. ಆಮೇಲೆ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು.

ಅಂದು ಸಂಜೆ ಮನೆಗೆ ಬಂದ ಜನರಲ್ಲಿ ಹೊಲಿಗೆಯಾಕೆಯೂ ಇದ್ದಳು. ಡಾಕ್ಟರಮ್ಮನ ಮುಖ ನಿದ್ದೆಯಲ್ಲಿದ್ದಂತೆಯೇ ಇತ್ತು. "ಇಂಥಾ ದಿನ ಹುಡುಗಿ ಕಾಣ್ತಿಲ್ಲವಲ್ಲ, ಕಾಮಾಲೆ ಜಾಸ್ತಿ ಆಯ್ತಾ?" ಎಂದು ಮೆಲ್ಲಗೆ ಕೇಳಿದಳು.

"ಕಾಮಾಲೆ ಅಲ್ಲ" ಎಂದ ತಾತ, ಎಲ್ಲರಿಗೂ ಕೇಳುವಂತೆ. "ಮನಸ್ಸಿನ ಕಾಯಿಲೆ. ಆಸ್ಪತ್ರೇಲಿ ಇದ್ದಾಳೆ, ಅವಳಪ್ಪ ಅಮ್ಮ ಜೊತೆಗಿದ್ದಾರೆ. ನನ್ನ ತಂಗಿಗೂ ಇತ್ತು. ಅವಳ ಮಿದುಳನ್ನ ಓದೋರಿಗೆ ಕೊಟ್ಟಿದ್ದೀವಿ."

ಹೊಲಿಗೆಯಾಕೆ ಕನ್ನಡಕ ತೆಗೆದಳು, ಒರೆಸಿದಳು, ಮತ್ತೆ ಹಾಕಿಕೊಂಡಳು. "ನನ್ನ ತಮ್ಮ ಎರಡು ವರ್ಷದಿಂದ ಬಾಗಿಲು ಹಾಕ್ಕೊಂಡು ಕೂತಿದ್ದಾನೆ ಯಜಮಾನ್ರೇ" ಎಂದಳು. "ಪರ ಊರಲ್ಲಿ ಕೆಲಸದಲ್ಲಿದ್ದಾನೆ ಅಂತ ಎಲ್ಲರಿಗೂ ಹೇಳಿಕೊಂಡು ಬಂದಿದ್ದೀನಿ. ಹುಡುಗೀನ ನೋಡ್ತಿರೋ ಆ ಡಾಕ್ಟರು ಎಲ್ಲಿ ಸಿಕ್ತಾರೆ?"

ಗಿಣಿ ಕೆಲವು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಳು. ಮಾತು ಇನ್ನೂ ಮೊದಲಿನಷ್ಟಿಲ್ಲ. ನಡುವೆ ಒಂದು ಸಲ ಮದ್ದು ಬದಲಾಯಿಸಬೇಕಾಯಿತು. ಬೆಳಿಗ್ಗೆ ಮೇಜಿನ ಆ ಕಡೆ ಖಾಲಿ ಬಿದ್ದಿದ್ದ ಕುರ್ಚಿಯಲ್ಲಿ ಈಗ ಅವಳು ಕೂರುತ್ತಾಳೆ. ಮುಂದೆ ಒಂದು ಲೋಟ ನೀರು, ಒಂದು ಮಾತ್ರೆ. ಡಾಕ್ಟರು ಹೇಳಿದರೆಂದು ತಾತ ಉಪ್ಪನ್ನು ಮತ್ತೆ ತಿನ್ನುತ್ತಿದ್ದಾನೆ. ಸಿಹಿ ಮಾತ್ರ ಮುಟ್ಟುವುದಿಲ್ಲ.

"ಸಕ್ಕರೆ ಹಾಕ್ಕೊ ತಾತ. ಡಾಕ್ಟರಜ್ಜಿಗೆ ಹೊತ್ತ ಹರಕೆ ಅವಳ ಜೊತೆ ತೀರ್ತಲ್ಲ" ಎಂದಳು ಗಿಣಿ ಒಂದು ದಿನ.

"ನೀನು ನುಂಗು, ನಾನು ಕುಡೀತೀನಿ" ಎಂದ ತಾತ. "ಒಬ್ಬರು ಬಿಡದೆ ಇದ್ರೆ ಇನ್ನೊಬ್ಬರಿಗೂ ಬಿಡೋಕೆ ಆಗಲ್ಲ."

ಅಮ್ಮಂದಿರೇ, ಅಪ್ಪಂದಿರೇ, ಇದನ್ನು ಓದುತ್ತಿರುವ ಮಕ್ಕಳೇ, ನಿಮ್ಮ ಮನೆಯಲ್ಲೂ ಯಾವುದೋ ಕಾಯಿಲೆಗೆ ಕಾಮಾಲೆ ಎಂದೋ ವಿಷಮಜ್ವರವೆಂದೋ ಹೆಸರಿಟ್ಟಿದ್ದೀರಾ? ಆ ಸುಳ್ಳನ್ನು ಇಂದೇ ಕೆಳಗಿಳಿಸಿ. ನಿದ್ದೆ ಬಿಟ್ಟವರನ್ನು, ಗೋಡೆಗೆ ಮುಖ ಮಾಡಿದವರನ್ನು ಕೈ ಹಿಡಿದು ವೈದ್ಯರ ಬಳಿಗೆ ಕರೆದೊಯ್ಯಿರಿ. ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡಬೇಡಿ, ಸಂಜೆಯವರೆಗೂ ಕಾಯಬೇಡಿ. ವಾಸಿಯಾದಂತೆ ಕಂಡಿತೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ದೇವರಿಗೆ ಹರಕೆ ಹೊರಿ. ಅವನು ಯಾರ ಕೈಯಲ್ಲಿ ಮದ್ದು ಕಳಿಸುತ್ತಾನೋ ಆ ಕೈಯನ್ನು ಮಾತ್ರ ತಳ್ಳಬೇಡಿ. ಮತ್ತೆ ಮಿದುಳಿನ ದಾನದ ವಿಚಾರ. ನಿಮ್ಮ ಊರಿಗೆ ಹತ್ತಿರದಲ್ಲಿ ಅಂಥ ಏರ್ಪಾಡು ಇದೆಯೇ ಎಂದು ದೊಡ್ಡ ಆಸ್ಪತ್ರೆಯಲ್ಲಿ ವಿಚಾರಿಸಿ. ಕೊಡುವ ಮನಸ್ಸಿದ್ದರೆ ಅದನ್ನು ಮನೆಯವರಿಗೆ ಬಾಯಿಬಿಟ್ಟು ಹೇಳಿ. ನಾಳೆ ಬೆಳಿಗ್ಗೆ, ಎಲ್ಲರೂ ಚಹಾಕ್ಕೆ ಕೂತಿರುವಾಗಲೇ ಹೇಳಿ.